ಲೋಳೆ ತೊಳೆದವಳು

೧
ಎಲ್ಲಿಂದ ಶುರು ಮಾಡಲಿ? ‘ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು...’ ಎಂದು ಬರೆದು ಹೊಡೆದುಹಾಕಿದೆ; ಪಾಠದ ಥರ ಇತ್ತು. ಸೊಸೆಯಿಂದಲೇ ಶುರು ಮಾಡುತ್ತೇನೆ. ಆಕೆ ಆಪರೇಷನ್ ಥಿಯೇಟರಿನ ನರ್ಸ್. ಮಾವ ಎದೆಯ ಆಪರೇಷನ್ ಮಾಡಿಸಿಕೊಂಡು ಬೇರೆ ಊರಿನ ಆಸ್ಪತ್ರೆಯಲ್ಲಿದ್ದರು. ಜೊತೆಗೆ ಅತ್ತೆ, ಗಂಡ. ಮನೆಯಲ್ಲಿ ಉಳಿದದ್ದು ಆಕೆ, ಮತ್ತೆ ಮಾವನ ಐದು ಗೋಲ್ಡ್‌ಫಿಶ್.

“ಊಟ ಹಾಕಮ್ಮ, ಸಾಕು. ಬೇರೇನೂ ಮುಟ್ಟಬೇಡ” ಎಂದಿದ್ದರು ಮಾವ.

ಆಕೆ ಮುಟ್ಟಿದಳು. ಅವರು ಬರುವಷ್ಟರಲ್ಲಿ ಮೀನಿನ ಗಾಜಿನ ತೊಟ್ಟಿ ಫಳಫಳ ಎನ್ನಬೇಕೆಂಬ ಆಸೆ. ನೀರು ಸೋಸುವ ಫಿಲ್ಟರಿನ ಸ್ಪಂಜಿಗೆ ಕಂದು ಲೋಳೆ ಮೆತ್ತಿಕೊಂಡಿತ್ತು. ಬಿಸಿನೀರು, ಸೋಪು ಹಾಕಿ ಹಿಂಡಿ ಹಿಂಡಿ ತೊಳೆದಳು.

(ಓದುಗರೇ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನಮ್ಮ ಮನೆಯ ಸಿಂಕ್ ನೋಡಿದವರು ನಂಬುವುದಿಲ್ಲ, ಆ ಮಾತು ಬೇರೆ.)

೨
ಮೂರನೇ ದಿನ ಬೆಳಿಗ್ಗೆ ಐದೂ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮಧ್ಯಾಹ್ನಕ್ಕೆ ಎರಡು ಸತ್ತವು. ಆಕೆ ಸಾಕುವ ಮೀನಿನ ಅಂಗಡಿಗೆ ಓಡಿದಳು.

“ಫಿಲ್ಟರ್ ತೊಳೆದ್ರಾ?” ಅಂಗಡಿಯಾಕೆ ಮೊದಲು ಕೇಳಿದ್ದೇ ಅದು.

“ಚೆನ್ನಾಗಿ ತೊಳೆದೆ. ಲೋಳೆ ಒಂಚೂರೂ ಉಳಿಸಿಲ್ಲ.”

“ಅಯ್ಯೋ, ಆ ಲೋಳೇನೇ ಕಣ್ರೀ ಅವನ್ನ ಕಾಯ್ತಿದ್ದಿದ್ದು! ಮೀನಿನ ಹೊಲಸಿಂದ ನೀರಲ್ಲಿ ಅಮೋನಿಯಾ ಆಗುತ್ತೆ, ವಿಷ. ಲೋಳೇಲಿರೋ ಬ್ಯಾಕ್ಟೀರಿಯಾ ಅದನ್ನ ತಿಂದುಹಾಕುತ್ವೆ. ಮತ್ತೆ ಬೆಳೆಯೋಕೆ ವಾರಗಟ್ಟಲೆ ಬೇಕು.”

ನರ್ಸ್ ತನ್ನ ಕೈ ನೋಡಿಕೊಂಡಳು. ಹದಿನಾಲ್ಕು ವರ್ಷ ಬ್ಯಾಕ್ಟೀರಿಯಾ ಕೊಂದೇ ಜೀವ ಉಳಿಸಿದ ಕೈ ಅದು.

ಅಂಗಡಿಯಾಕೆ ತನ್ನ ಹಳೇ ತೊಟ್ಟಿಯಿಂದ ಗಲೀಜು ಸ್ಪಂಜೊಂದನ್ನು ನೀರಿನ ಸಮೇತ ಕವರಿಗೆ ಹಾಕಿಕೊಟ್ಟಳು. “ಇದನ್ನ ಫಿಲ್ಟರಿಗೆ ಹಾಕಿ. ಒಣಗೋಕೆ ಬಿಡಬೇಡಿ.” ವಾಪಸು ಬಸ್ಸಿನಲ್ಲಿ ಸೊಸೆ ಆ ಕವರನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಕೂತಳು.

೩
ಸಂಜೆ ಮಾವನ ಫೋನು ಬಂತು. ಇಲ್ಲಿ ಎರಡು ಡ್ರಾಫ್ಟ್ ಹರಿದೆ. ಮೊದಲನೆಯದರಲ್ಲಿ ಆಕೆ ಅಂಥವೇ ಎರಡು ಮೀನು ತಂದು ಬಿಡುತ್ತಾಳೆ. “ಒಂದೊಂದರ ಮಚ್ಚೇನೂ ಅವರಿಗೆ ಗೊತ್ತು ಸ್ವಾಮಿ” ಎಂದು ಸೊಸೆ ಬರೆಯುತ್ತಿದ್ದ ನನ್ನ ಮೇಲೇ ಸಿಡುಕಿದಳು. ಎರಡನೆಯದರಲ್ಲಿ ‘ಎಲ್ಲ ಚೆನ್ನಾಗಿವೆ’ ಎನ್ನುತ್ತಾಳೆ.

“ಎದೆ ಹೊಲಿಸಿಕೊಂಡು ಮಲಗಿರೋರಿಗೆ ನನ್ನ ಕೈಲಿ ಸುಳ್ಳು ಹೇಳಿಸ್ತೀರಾ?”

“ನಿಜ ಕೇಳಿ ಅವರಿಗೇನಾದ್ರೂ ಆದ್ರೆ?” ಎಂದೆ.

ಅಷ್ಟರಲ್ಲಿ ಆಕೆ ಫೋನ್ ಎತ್ತಿಬಿಟ್ಟಿದ್ದಳು.

“ಮಾವ, ಫಿಲ್ಟರ್ ತೊಳೆದುಬಿಟ್ಟೆ.”



“ಸೋಪು ಹಾಕಿ?”

“ಹ್ಞೂಂ.”

“ಎಷ್ಟು ಹೋದ್ವು?”

“ಎರಡು.”

ಮಾವ ದನಿ ತಗ್ಗಿಸಿದರು. “ನನ್ನ ಮೊದಲನೇ ತೊಟ್ಟೀಲಿ ಒಂಬತ್ತು ಹೋಗಿದ್ವು ಕಣಮ್ಮ. ಬೆಕ್ಕು ತಿಂತು ಅಂತ ನಿಮ್ಮತ್ತೆಗೆ ಹೇಳಿದ್ದೆ. ಇಲ್ಲೇ ಕೂತಿದ್ದಾಳೆ, ಜೋರಾಗಿ ನಗಬೇಡ. ದಿನಾ ಅರ್ಧ ನೀರು ಬದಲಾಯಿಸು.”

ಆಕೆ ನಗಲಿಲ್ಲ. ಅತ್ತಳು.

೪
ಮುಕ್ತಾಯ ಇಲ್ಲಿರಬೇಕಿತ್ತು. ಉಳಿದ ಮೂರರಲ್ಲಿ ಎರಡು ಕೆಳಗಿಳಿದು ಈಜಾಡುತ್ತಿವೆ. ಒಂದು ಇನ್ನೂ ಮೇಲೆಯೇ ಬಾಯಿ ಬಿಡುತ್ತಿದೆ. ಬದುಕಿತು ಎಂದು ಬರೆಯಲೇ? ಹೋಯಿತು ಎನ್ನಲೇ? ಫಿಲ್ಟರಿಗೆ ಹಾಕಿದ ಆ ಗಲೀಜು ಸ್ಪಂಜಿನೊಳಗೆ ಏನು ನಡೆಯುತ್ತಿದೆಯೋ, ಬರೆಯುವವನಿಗೂ ಕಾಣುವುದಿಲ್ಲ. ಗಾಜಿಗೆ ಮೂಗು ತಾಗಿಸಿ ನಿಂತಿದ್ದೇನೆ.

“ಸ್ವಲ್ಪ ಪಕ್ಕಕ್ಕೆ ಸರೀರಿ” ಎನ್ನುತ್ತಾಳೆ ಆಕೆ, ಬಕೆಟ್ ಎತ್ತುತ್ತಾ. “ನನಗೆ ಕೆಲಸ ಇದೆ.”