ತೂಗದ ಮೀನು

ಕುಪ್ಪಗಡ್ಡೆ ದಾಟಿ ಎರಡು ಮೈಲಿ ಹೋದರೆ ಸಿಗುವ ಆ ಕೆರೆಯ ಏರಿಯ ಮೇಲೆ ಯಶೋಧರಾ ಕಾರು ನಿಲ್ಲಿಸಿದಾಗ ಹತ್ತು ಗಂಟೆ. ಕೆರೆ ಬೇಟೆ ಮುಗಿದು ವಾರವಾಗಿತ್ತು. ಊರಿಗೆ ಊರೇ ಒಮ್ಮೆಲೇ ಇಳಿದು ತುಳಿದ ಕೆಸರು ಹಾಗೆಯೇ ಒಣಗುತ್ತಿತ್ತು. ಮೀನಿನ ಮೇಲೆ ಮುಚ್ಚಿ ಹಿಡಿಯುವ ಬಿದಿರಿನ ಕೂಣಿಗಳು ಒಂದೆರಡು ಮುರಿದು ಅಂಚಿನಲ್ಲಿ ಬಿದ್ದಿದ್ದವು.

ಯಶೋಧರಾ ಶಿಕಾರಿಪುರದವಳು. ಮೀನುಗಾರಿಕೆಯ ದಾಖಲೆಗಳನ್ನು ಕಂಪ್ಯೂಟರಿಗೆ ತರುವ ಸಲಹೆಗಾರ್ತಿಯಾಗಿ ಹದಿನೆಂಟು ವರ್ಷ ದುಡಿದಿದ್ದಳು. ಯಾವ ಕೆರೆಗೆ ಎಷ್ಟು ಮರಿ ಬಿಟ್ಟರು, ಎಷ್ಟು ಕಿಲೋ ಹಿಡಿದರು ಎಂದು ಮೊಬೈಲಿನಲ್ಲೇ ತುಂಬುವ ಆ್ಯಪ್ ಅವಳು ಮಾಡಿಕೊಟ್ಟದ್ದು. ಎರಡು ವರ್ಷ ಸೊನ್ನೆ ಬಂದ ಕೆರೆಯನ್ನು ಖುದ್ದಾಗಿ ನೋಡಿ ಬರಬೇಕೆಂಬ ನಿಯಮವೂ ಅವಳದ್ದೇ.

ಪಂಚಾಯಿತಿಯಿಂದ ಈ ಕೆರೆಯ ಮಾಹಿತಿ ತುಂಬುವ ನಾಗವೇಣಿ, ಕೆರೆ ಸಮಿತಿಯ ಹಿರಿಯ ಗುತ್ಯಪ್ಪ ಹೊಂಗೆ ಮರದಡಿ ಕಾಯುತ್ತಿದ್ದರು. ಸೊನ್ನೆ ಯಾಕೆ ಎಂದು ಯಶೋಧರಾ ಕೇಳಿದಳು. ಇಲ್ಲಿ ಯಾರೂ ಮೀನು ತೂಗುವುದಿಲ್ಲ, ತೂಗದೆ ಸುಳ್ಳು ಬರೆಯುವುದು ಹೇಗೆಂದು ಸೊನ್ನೆ ಹಾಕಿದೆ ಎಂದಳು ನಾಗವೇಣಿ.

"ಕೂಣಿ ಎಷ್ಟು ಇಳಿದ್ವು ಅಂತ ಕೇಳಿ, ಹೇಳ್ತೀನಿ. ಮುನ್ನೂರ ಹನ್ನೆರಡು," ಎಂದ ಗುತ್ಯಪ್ಪ. "ಯಾರ ಚೀಲದಲ್ಲಿ ಎಂತ ಬಂತು ಅಂತ ನೋಡೋದು ನಮ್ಮಲ್ಲಿಲ್ಲ. ನನಗೆ ಈ ಸಲ ಸಿಕ್ಕಿದ್ದು ಒಂದು ಏಡಿ."

"ಅದನ್ನಾದ್ರೂ ತೂಗಬೋದಿತ್ತು ಅಜ್ಜಾ," ಎಂದಳು ನಾಗವೇಣಿ.

ಯಶೋಧರಾ ನಿಧಾನವಾಗಿ ವಿವರಿಸಿದಳು. ಸೊನ್ನೆ ಉಳಿದರೆ ಮಳೆಗಾಲಕ್ಕೆ ಸರ್ಕಾರದ ಮೀನುಮರಿ ಬರುವುದು ನಿಂತುಹೋಗುತ್ತದೆ. ಒಂದು ಕಿಲೋ ಬರೆದರೂ ಕೆರೆ ಹರಾಜಿನ ಪಟ್ಟಿಗೆ ಹೋಗುತ್ತದೆ; ಆಮೇಲೆ ಹರಾಜು ಹಿಡಿದವನ ಬಲೆ ಮಾತ್ರ, ಊರಿನವರು ಇಳಿಯುವಂತಿಲ್ಲ. ಗುತ್ಯಪ್ಪ ಇನ್ನೊಮ್ಮೆ ಹೇಳಿಸಿಕೊಂಡ. ಹಾಗಾದರೆ ಅಲ್ಲಿ ಏನೂ ಬರೆಯದೆ ಬಿಡಿ ಎಂದ. ಅವಳು ಬಿಟ್ಟು ತೋರಿಸಿದಳು. ಕೆಂಪು ಗೆರೆ ಮೂಡಿತು, ಪುಟ ಮುಂದಕ್ಕೆ ಹೋಗಲಿಲ್ಲ.

ಖಾಲಿ ಬಿಡಲು ದಾರಿ ಮಾಡಿಕೊಡಬಹುದೇ ಎಂದು ಕೇಳಲು ಅವಳು ಕಚೇರಿಗೆ ಫೋನ್ ಮಾಡಿದಳು. ಅತ್ತಲಿಂದ ಅಧಿಕಾರಿ, ಆ ನಿಯಮ ನಿಮ್ಮ ವರದಿಯಲ್ಲೇ ಇದೆಯಲ್ಲ ಮೇಡಂ, ಆದೇಶವೂ ಆಗಿದೆ ಎಂದು ನಕ್ಕರು. ಅವಳು ಸರಿ ಎಂದು ಇಟ್ಟಳು.

"ಖಾಲಿ ಬಿಡಕ್ಕೆ ಆಗದ ಹಂಗೆ ಮಾಡಿದ್ದು ಯಾರು ಮೇಡಂ?" ನಾಗವೇಣಿ ಕೇಳಿದಳು.

"ಮೇಲಿನವರು."

ಹೇಳಿದ ಮೇಲೆ ಏನಾದರೂ ಅನಿಸೀತೆಂದು ಯಶೋಧರಾ ಕಾದಳು. ಏನೂ ಅನಿಸಲಿಲ್ಲ. ಬ್ಯಾಟರಿ ಇಪ್ಪತ್ತಕ್ಕೆ ಇಳಿದದ್ದು ಕಂಡಿತು.

ಗುತ್ಯಪ್ಪ ಏರಿಯ ಮೇಲೆ ತೂಬಿನವರೆಗೆ ಹೋಗಿ ಬಂದ.

"ಸೊನ್ನೆನೇ ಇರ್ಲಿ. ಮರಿ ಬಿಡದಿದ್ರೆ ನಾಕೈದು ವರ್ಷಕ್ಕೆ ಬರೀ ಕೆಸರಿಗೆ ಕೂಣಿ ಮುಚ್ಚೋದಾಗ್ತದೆ. ಆಗ್ಲಿ. ಇಳಿಯೋದಾದ್ರೂ ನಾವೇ ಇಳೀತೀವಿ."

ಅವಳು ಸೊನ್ನೆಯನ್ನು ಖಚಿತಪಡಿಸಿದಳು. ಆ್ಯಪ್ ಕಾರಣ ಕೇಳಿತು: ಬತ್ತಿದೆ, ಹೂಳು ತುಂಬಿದೆ, ರೋಗ ಬಂದಿದೆ. ಅವಳು ಹೂಳನ್ನು ಒತ್ತಿದಳು. ಕೊನೆಗೆ ಕೆರೆಯ ಮುಂದೆ ಊರಿನ ಒಬ್ಬರ ಫೋಟೊ ಬೇಕಿತ್ತು. ಗುತ್ಯಪ್ಪ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ.

"ಬಂತಾ?"

"ಬಂತು."

ಹೆಂಗಸರು ಏರಿಯ ಮೇಲೆ ನಿಂತು ನೋಡುತ್ತಾರೆ, ಮುಂದಿನ ಬೇಟೆಗೆ ಬನ್ನಿ ಎಂದು ನಾಗವೇಣಿ ಕರೆದಳು. ಬರುತ್ತೇನೆ ಎಂದಳು ಯಶೋಧರಾ. ಮೀನುಮರಿಯ ಪಟ್ಟಿಯಿಂದ ಹೋದ ಕೆರೆಗೆ ಕಚೇರಿಯಿಂದ ಯಾರೂ ಬರಬೇಕಾಗಿಲ್ಲ. ಅದು ಅವಳಿಗೆ ಗೊತ್ತಿತ್ತು. ಮುಂದಿನ ಕೆರೆ ಬಳ್ಳಿಗಾವಿಯ ಕಡೆ. ಅವಳು ಫೋನನ್ನು ಚಾರ್ಜಿಗೆ ಹಾಕಿ ಕಾರು ತಿರುಗಿಸಿಕೊಂಡಳು.