ಎಡಗೆನ್ನೆ

ಕೆನ್ನೆ ಇನ್ನೇನು ಹಸುವಿನ ಪಕ್ಕೆಗೆ ತಾಗಬೇಕು, ಆಗ ಹಾಲಕ್ಕನಿಗೆ ನೆನಪಾಯಿತು. ಚುಕ್ಕಿಯ ಮೈಯ ಬಿಸಿ ಆಗಲೇ ಮುಖಕ್ಕೆ ಬಡಿಯುತ್ತಿತ್ತು. ಬೆಂಕಿ ಮುಟ್ಟಿದವಳಂತೆ ತಲೆಯನ್ನು ಹಿಂದಕ್ಕೆಳೆದುಕೊಂಡಳು.

"ಮುಖ ಒತ್ತಬೇಡಿ, ಉಜ್ಜಬೇಡಿ" ಎಂದು ನಿನ್ನೆ ಪೇಟೆಯ ಡಾಕ್ಟರಮ್ಮ ಹೇಳಿದಾಗ ಅವಳು ದಿಂಬನ್ನು ನೆನೆದಿದ್ದಳು, ಮುಖ ಒರೆಸುವ ಟವೆಲನ್ನು ನೆನೆದಿದ್ದಳು. ರಾತ್ರಿಯಿಡೀ ಕೊರಡಿನ ಹಾಗೆ ಅಂಗಾತ ಮಲಗಿದ್ದಳು. ಹಸುವಿನ ಯೋಚನೆ ಮಾತ್ರ ಬಂದಿರಲಿಲ್ಲ. ಹಸುವಿಗೆ ಒರಗುವುದೆಂದರೆ ಮುಖ ಒತ್ತುವುದು ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅದು ಹಾಲು ಕರೆಯುವುದು, ಅಷ್ಟೆ.

ಕೊಟ್ಟಿಗೆಗೆ ಹಾಲು ಕರೆಯುವ ಯಂತ್ರ ಬಂದು ವರ್ಷಗಳಾಗಿದ್ದವು. ಉಳಿದ ಹಸುಗಳು ಅದಕ್ಕೆ ಒಗ್ಗಿಕೊಂಡಿದ್ದವು. ಚುಕ್ಕಿ ಒಗ್ಗಲಿಲ್ಲ. ಯಂತ್ರದ ಸದ್ದು ಕೇಳಿದರೆ ಸಾಕು, ಹಾಲನ್ನು ಇಳಿಸದೆ ಮೇಲಕ್ಕೆ ಏರಿಸಿಕೊಂಡುಬಿಡುತ್ತಿತ್ತು. ಅದಕ್ಕೆ ಹಾಲಕ್ಕನೇ ಬೇಕು. ಅವಳು ಬಲಮಗ್ಗುಲಿಗೆ ಕೂರಬೇಕು, ಎದುರಿಗೆ ಕಟ್ಟಿದ, ಮೊಲೆ ಬಿಡಿಸಿದ ಕರುವಿನ ಮೇಲೆ ಕಣ್ಣಿಡಬೇಕು, ಎಡಗೆನ್ನೆಯನ್ನು ಪಕ್ಕೆಗೆ ಆನಿಸಿ ಗಂಟಲಲ್ಲೇ ಏನಾದರೂ ಗುನುಗಬೇಕು. ಆಗ ಹಸುವಿನ ಚರ್ಮ ಒಮ್ಮೆ ನಡುಗಿ ಸಡಿಲವಾಗಿ ಹಾಲು ಇಳಿಯುತ್ತಿತ್ತು. ಜಡೆ ಹೆಣೆದುಕೊಳ್ಳಲು ಬರುವ ಮೊದಲೇ ಅವಳು ಹಾಗೆ ಕರೆಯಲು ಕಲಿತಿದ್ದಳು. ಚುಕ್ಕಿಯ ತಾಯಿಗೂ ಹಾಗೆಯೇ, ಅದರ ತಾಯಿಗೂ ಹಾಗೆಯೇ.

ಅವೆಲ್ಲ ಸೇರಿ ಅವಳ ಒಂದು ಕೆನ್ನೆಯನ್ನು ತಿಂದುಹಾಕಿದ್ದವು. ಬಲಗೆನ್ನೆ ವಯಸ್ಸಿಗೆ ತಕ್ಕಂತಿತ್ತು. ಎಡಗಡೆ ದವಡೆಹಲ್ಲುಗಳೂ ಹೋಗಿ, ಕೆನ್ನೆ ಒಳಕ್ಕೆ ಕುಸಿದು, ಕಣ್ಣಿನ ಕೆಳಗಿನಿಂದ ಬಾಯಿಯ ಅಂಚಿನವರೆಗೆ ಗೆರೆಗಳು ಇಳಿದಿದ್ದವು. ಆ ಕಡೆಯಿಂದ ನೋಡಿದವರು "ಯಾಕೆ, ಅತ್ತಿದ್ದೀಯಾ?" ಎಂದು ಕೇಳುತ್ತಿದ್ದರು.

ಅದೂ ಅವಳನ್ನು ಅಷ್ಟಾಗಿ ಕಾಡಿರಲಿಲ್ಲ. ಕಾಡಿದ್ದು ಡೈರಿಯ ಕ್ಯಾಲೆಂಡರು. ಅದಕ್ಕೆ ಚಿತ್ರ ತೆಗೆಯಲು ಬಂದ ಫೋಟೋದವನು, "ಅಮ್ಮಾ, ಸ್ವಲ್ಪ ಆ ಕಡೆ ತಿರುಗಿ. ಇನ್ನೂ ಸ್ವಲ್ಪ. ಈ ಕೆನ್ನೆ ಬೇಡ" ಎಂದಿದ್ದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹಿಂದುಗಡೆಯ ಸಗಣಿ ಗುಡ್ಡೆ ಚಿತ್ರದಲ್ಲಿ ಬರಬಾರದು ಅನ್ನುವ ಹಾಗೆ ಅಂದಿದ್ದ. ವರ್ಷವಿಡೀ ಅಡುಗೆಮನೆಯ ಗೋಡೆಯ ಮೇಲೆ ಅವಳು ಅರ್ಧ ಮುಖ ಹೊತ್ತು ಎತ್ತಲೋ ನೋಡುತ್ತಿದ್ದಳು. ಈಗ ಡೈರಿಯವರು ರಸ್ತೆಯ ತಿರುವಿನಲ್ಲಿ ದೊಡ್ಡ ಬೋರ್ಡು ಹಾಕಿಸುವವರಿದ್ದರು. ಅದಕ್ಕೂ ಅವಳದ್ದೇ ಫೋಟೋ. ಈ ಸಲ ಕ್ಯಾಮೆರಾವನ್ನು ನೇರ ನೋಡಬೇಕು ಎಂದು ಅವಳು ಒಳಗೊಳಗೇ ಹಟ ಹಿಡಿದಳು. ಪೇಟೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ತಂಗಿಯ ಕಿವಿಗೆ ಈ ಮಾತು ಬಿದ್ದದ್ದೇ ತಡ, ಅವಳು ಅಕ್ಕನನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

"ಫಿಲ್ಲರ್ ಅಂದ್ರೆ ಒಂಥರಾ ಜೆಲ್," ಡಾಕ್ಟರಮ್ಮ ಹಾಲಕ್ಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುತ್ತ ಹೇಳಿದರು. "ಚರ್ಮದ ಕೆಳಗೆ ತುಂಬಿದ್ರೆ ಕುಸಿದದ್ದು ಎದ್ದು ನಿಲ್ಲುತ್ತೆ, ಗೆರೆ ಕಡಿಮೆಯಾಗುತ್ತೆ. ವರ್ಷ, ಒಂದೂವರೆ ವರ್ಷ ಇರುತ್ತೆ. ಆಮೇಲೆ ತಾನಾಗೇ ಕರಗಿಹೋಗುತ್ತೆ."

"ಗೊಬ್ಬರ ಹಾಕಿದ ಹಾಗೆ ಅನ್ನಿ. ವರ್ಷ ವರ್ಷ ಹಾಕ್ತಾ ಇರಬೇಕು."

"ಬಾಯಿ ಮುಚ್ಕೊಂಡು ಕೂತ್ಕೊಳೇ ಅಕ್ಕ," ತಂಗಿ ತಿವಿದಳು.

ಡಾಕ್ಟರಮ್ಮ ನಕ್ಕರು. "ಈ ಪಕ್ಕ ಮಾತ್ರ ಯಾಕೆ ಹೀಗೆ? ಎಡಮಗ್ಗುಲಿಗೆ ಮಲಗ್ತೀರಾ?"

ಆ ಬೆಳ್ಳನೆಯ ಕೋಣೆಯಲ್ಲಿ ಹಸುವಿನ ಮಾತು ಅವಳ ಬಾಯಿಗೆ ಬರಲಿಲ್ಲ. "ಹೂಂ" ಅಂದುಬಿಟ್ಟಳು.

"ಹಾಗಾದ್ರೆ ಹದಿನೈದು ದಿನ ಅಂಗಾತ ಮಲಗಿ. ಜೆಲ್ ಕೂತ್ಕೊಳೋ ತನಕ ಒತ್ತಿದ್ರೆ ಜರುಗುತ್ತೆ. ಜೋರು ನೋವು ಬಂದ್ರೆ, ಚರ್ಮ ಬಿಳಿಚಿಕೊಂಡ್ರೆ ಮಾತ್ರ ತಡ ಮಾಡದೆ ಫೋನ್ ಮಾಡಿ."

ಮುಲಾಮು ಹಚ್ಚಿ ಮರಗಟ್ಟಿಸಿದ್ದರಿಂದ ಸೂಜಿ ಅಷ್ಟು ನೋಯಿಸಲಿಲ್ಲ. ಒಳಗೆ ಏನೋ ಮೆಲ್ಲಗೆ ತುಂಬಿಕೊಳ್ಳುತ್ತಿರುವುದು ಮಾತ್ರ ಗೊತ್ತಾಗುತ್ತಿತ್ತು. ಕನ್ನಡಿ ಕೈಗೆ ಕೊಟ್ಟಾಗ ಅವಳು ಅದನ್ನು ಎಡಕ್ಕೂ ಬಲಕ್ಕೂ ವಾಲಿಸಿ ನೋಡಿದಳು.

"ಇದು ನನ್ನ ಮದುವೆ ಹೊತ್ತಿನ ಕೆನ್ನೆ ಕಣೇ."

"ಬಲಗಡೆಯದು ಅತ್ತೆಯಾದ ಮೇಲಿನದು," ಎಂದಳು ತಂಗಿ. "ಊತ ಇಳೀಲಿ, ಎರಡೂ ರಾಜಿಯಾಗ್ತವೆ. ಫೋಟೋಗೆ ಇನ್ನೂ ವಾರ ಇದೆಯಲ್ಲ."

ಸಂಜೆಯ ಹಾಲು ಕರೆದಿಟ್ಟು, ಮನೆಯಲ್ಲಿ ಹಲ್ಲುನೋವು ಎಂದು ಹೇಳಿ ಹೋಗಿದ್ದಳು. ಗಂಡ ಅವಳ ಮುಖವನ್ನು ದಿಟ್ಟಿಸಿ, "ಹಲ್ಲು ಕಿತ್ತರೋ, ಹೊಸದಾಗಿ ನೆಟ್ಟು ಕಳಿಸಿದರೋ?" ಎಂದು ಕೇಳಿದ. ಸೊಸೆ ನೀರು ಕೊಡುವಾಗ ಕೆನ್ನೆಯ ಮೇಲಿನ ಸಣ್ಣ ಕೆಂಪು ಚುಕ್ಕೆಯನ್ನು ಹತ್ತಿರದಿಂದ ನೋಡಿದಳು.

ಇಷ್ಟೆಲ್ಲ ಆಗಿ, ಈಗ ಬೆಳಗಾಗಿ, ಚುಕ್ಕಿಯ ಕೆಚ್ಚಲಿನ ಮುಂದೆ ಅವಳು ಬರಿದೇ ಕೂತಿದ್ದಳು. ಹಣೆ ಆನಿಸಿ ನೋಡಿದಳು. ಕಣ್ಣು ನೆಲಕ್ಕೆ ಹೋಯಿತು, ಕರು ಕಾಣಲಿಲ್ಲ, ಗುನುಗು ಹೊರಡಲಿಲ್ಲ. ಚುಕ್ಕಿ ಕತ್ತು ಹೊರಳಿಸಿ ಇದು ಯಾರು ಎಂಬಂತೆ ನೋಡಿತು. ಪಾತ್ರೆಯ ತಳ ಮುಚ್ಚುವಷ್ಟೂ ಹಾಲು ಬರಲಿಲ್ಲ.

ಆ ದಿನ ಅವಳಿಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಹಿಂಡಿ ಕಲಸುತ್ತ ಎದ್ದು ಬಂದು ಕೆಚ್ಚಲು ಮುಟ್ಟುವಳು. ಒಳಗೆ ಹೋಗಿ ಕನ್ನಡಿಯಲ್ಲಿ ಕೆನ್ನೆ ನೋಡಿಕೊಳ್ಳುವಳು. ಮತ್ತೆ ಕೊಟ್ಟಿಗೆಗೆ ಬರುವಳು. ಎರಡೂ ಬಿಗಿದುಕೊಂಡೇ ಇದ್ದವು. ಬಿಸಿನೀರಿನ ಬಟ್ಟೆಯಿಂದ ಕೆಚ್ಚಲನ್ನು ನೀವಿದಳು, ಬೆಲ್ಲ ತಿನ್ನಿಸಿದಳು, ಬೈದಳು. ಸಂಜೆ ಎಡಮಗ್ಗುಲಿಗೆ ಹೋಗಿ ಬಲಗೆನ್ನೆ ಒಡ್ಡಿ ಕೂತಳು. ಆ ಕಡೆ ಯಾರೂ ಕೂತು ಗೊತ್ತಿಲ್ಲದ ಚುಕ್ಕಿ ಒದ್ದ ಒದೆಗೆ ಪಾತ್ರೆ ಬಾಗಿಲಾಚೆ ಉರುಳಿತು. "ಆಚೆ ಸರಿ ನೀನು, ನಾನು ನೋಡ್ತೀನಿ" ಎಂದು ಬಂದ ಗಂಡ ಕೂತಷ್ಟೇ ಬೇಗ ಎದ್ದ.

"ಇದಕ್ಕೂ ಹಲ್ಲುನೋವು ಬಂದಿರಬೇಕು," ಎಂದು ಮೊಣಕಾಲು ಉಜ್ಜಿಕೊಳ್ಳುತ್ತ ಹೋದ.

ಅವನು ಹೋದ ಮೇಲೆ ಸೊಸೆ ಹತ್ತಿರ ಬಂದಳು. "ಅತ್ತೆ, ಹಲ್ಲಿನ ಡಾಕ್ಟ್ರು ಕೆನ್ನೆಗೆ ಹೊರಗಡೆಯಿಂದ ಚುಚ್ತಾರಾ?"

ಹಾಲಕ್ಕ ಬಗ್ಗಿ ಉರುಳಿದ ಪಾತ್ರೆಯನ್ನು ಎತ್ತಿಕೊಂಡಳು.

"ಚೆನ್ನಾಗಿ ಕಾಣ್ತಿದೆ. ನಾನೇನೂ ಯಾರಿಗೂ ಹೇಳಲ್ಲ. ಆದರೆ ಡೈರಿಯಿಂದ ಫೋನ್ ಬಂದಿತ್ತು. ಫೋಟೋದವನು ಮುಂದಿನ ವಾರ ಅಲ್ಲವಂತೆ, ನಾಳೆ ಬೆಳಿಗ್ಗೆಯೇ ಬರ್ತಾನಂತೆ."

ಹಾಲಕ್ಕ ತಂಗಿಗೆ ಫೋನ್ ಮಾಡಿದಳು.

"ಹಸುಗೆ ಕೆನ್ನೆ ಕೊಡ್ತಿದ್ದೆ ಅಂತ ಅಲ್ಲೇ ಹೇಳೋದಲ್ವಾ!" ತಂಗಿ ಕೂಗಿದಳು. "ಇನ್ನು ಒಂದು ಬೆಳಗು ತಡ್ಕೋ. ಫೋಟೋ ಮುಗೀಲಿ, ಆಮೇಲೆ ಆ ಮಹಾರಾಣಿಗೆ ಏನು ಬೇಕಾದರೂ ಮಾಡು."

"ಕೆಚ್ಚಲು ತಡೀಬೇಕಲ್ಲೇ."

"ಅದು ತಡಿಯುತ್ತೆ. ನೀನು ತಡ್ಕೋ."

ಬೆಳಕು ಹರಿಯುವಾಗ ಹೋಗಿ ನೋಡಿದರೆ ಚುಕ್ಕಿ ಹಿಂಗಾಲು ಅಗಲಿಸಿ ನಿಂತಿತ್ತು. ರಾತ್ರಿಯ ಹುಲ್ಲು ಹಾಗೆಯೇ ಬಿದ್ದಿತ್ತು. ಕೆಚ್ಚಲಿನ ಹಿಂಭಾಗ ಮುಟ್ಟಿದರೆ ಕಲ್ಲು, ಮೇಲೆ ಜ್ವರದ ಕಾವು. ಬಾವು ಕಟ್ಟಿದ ಕೆಚ್ಚಲು ಒಂದು ಮೊಲೆಯನ್ನು ಪೂರ್ತಿ ಕಳೆದುಕೊಂಡದ್ದನ್ನು ಅವಳು ಹಿಂದೆ ನೋಡಿದ್ದಳು. ಬೆರಳು ತಾಗಿದಾಗ ಚುಕ್ಕಿ ಒದೆಯಲಿಲ್ಲ, ನರಳಿತು. ಅವಳಿಗೆ ಒದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅವಳು ಬಲಮಗ್ಗುಲಿಗೆ ಮಣೆ ಎಳೆದುಕೊಂಡಳು. ಕರುವನ್ನು ನೋಡಿದಳು. ಕೆನ್ನೆ ಕೊಟ್ಟಳು.

ನೋವು ಕಿವಿಯವರೆಗೆ ಹೋಯಿತು. ಅವಳಿಗೂ ಹಸುವಿಗೂ ನಡುವೆ ಪರಿಚಯವಿಲ್ಲದ ಯಾರೋ ಬಂದು ಕೂತಂತೆ ಆ ಜೆಲ್ ಅಡ್ಡ ಸಿಗುತ್ತಿತ್ತು. ಚುಕ್ಕಿಗೂ ಅದು ಗೊತ್ತಾಯಿತೋ ಏನೋ, ಮೈ ಬಿಗಿ ಹಿಡಿದೇ ಇತ್ತು. ಹಾಲಕ್ಕ ಇನ್ನಷ್ಟು ಒರಗಿದಳು. ಗುನುಗಿದಳು. ಕೊನೆಗೆ ಆ ನಡುಕ ಬಂತು. ಚರ್ಮ ಸಡಿಲವಾಯಿತು. ಮೊದಲ ಧಾರೆಗಳಲ್ಲಿ ಸಣ್ಣ ಗಂಟುಗಳಿದ್ದವು. ಅವನ್ನು ನೆಲಕ್ಕೆ ಬಿಟ್ಟಳು. ಆಮೇಲೆ ಧಾರೆ ತಿಳಿಯಾಗಿ ಪಾತ್ರೆಯಲ್ಲಿ ಸದ್ದು ಏಳತೊಡಗಿತು. ಕೈ ಸೋತರೂ, ಕೆನ್ನೆ ಉರಿದರೂ, ಕೆಚ್ಚಲು ಮೆತ್ತಗಾಗುವ ತನಕ ತಲೆ ಎತ್ತಲಿಲ್ಲ.

ಕನ್ನಡಿಯಲ್ಲಿ ಕೆನ್ನೆಮೂಳೆಯ ಕೆಳಗೆ ಬೆರಳಿಟ್ಟು ಒತ್ತಿದಂಥ ಒಂದು ತಗ್ಗು ಕಂಡಿತು. ಅದರ ಕೆಳಗೆ ಒಂದು ಉಬ್ಬು. ಚರ್ಮ ಬಿಳಿಚಿರಲಿಲ್ಲ, ನೋವೂ ಇಳಿಯುತ್ತಿತ್ತು. ತಂಗಿ ಫೋನಿನಲ್ಲಿ ಬೈದು ಬೈದು ಸುಸ್ತಾಗಿ, "ಡಾಕ್ಟರಮ್ಮನ್ನ ಕೇಳಿದೆ. ಬಂದ್ರೆ ಕೈಯಲ್ಲೇ ನೀವಿ ಸರಿ ಮಾಡೋಕಾಗುತ್ತಾ ನೋಡ್ತಾರಂತೆ. ಈಗಲೇ ಹೊರಡು. ಫೋಟೋ ಇನ್ನೊಂದು ದಿನ ಅನ್ನು," ಎಂದಳು.

ಅಷ್ಟರಲ್ಲಿ ಅಂಗಳದಲ್ಲಿ ಬೈಕಿನ ಸದ್ದಾಯಿತು. ಸೊಸೆ ಓಡಿ ಬಂದು, "ಹುಷಾರಿಲ್ಲ ಅಂತ ಕಳಿಸಿಬಿಡ್ಲಾ ಅತ್ತೆ?" ಎಂದು ಪಿಸುಗುಟ್ಟಿದಳು. ಹಾಲಕ್ಕ ಕನ್ನಡಿಯನ್ನು ಮಗುಚಿಟ್ಟಳು. ಬಾಗಿಲವರೆಗೆ ಹೋದಳು, ಹಿಂದಕ್ಕೆ ಬಂದಳು. ಸೆರಗಿನ ತುದಿ ಕೆನ್ನೆಗೆ ಒಡ್ಡಿ ನೋಡಿದಳು, ಬಿಟ್ಟಳು.

"ನೀರು ಕೊಡು ಅವನಿಗೆ. ಬಂದೆ."

ಫೋಟೋದವನು ಅವಳನ್ನು ಗೋಡೆಯ ಮುಂದೆ ನಿಲ್ಲಿಸಿ, ಕ್ಯಾಮೆರಾದೊಳಗೆ ನೋಡಿ, ತಲೆ ಎತ್ತಿ ಮತ್ತೆ ನೋಡಿದ.

"ಅಮ್ಮಾ, ಸ್ವಲ್ಪ ಆ ಕಡೆ ತಿರುಗಿ."

"ಇಲ್ಲಪ್ಪ. ಈ ಸಲ ನೇರ."

"ಅಲ್ಲಮ್ಮ, ಆ ಕೆನ್ನೆ ಒಂಥರಾ..."

"ಒಂಥರಾನೇ ಇದೆ. ನಿನ್ನೆಗಿಂತ ಇವತ್ತು ಜಾಸ್ತಿ. ನೀನು ತೆಗಿ."

ಬಾಗಿಲ ಸಂದಿಯಲ್ಲಿ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಬೆಳಕು ಸರಿಯಿಲ್ಲ ಎಂದ, ಒಂದು ಹೆಜ್ಜೆ ಆಚೆ ಸರಿದ, ಮತ್ತೆ ಬಗ್ಗಿದ. ಆಗ ಕೊಟ್ಟಿಗೆಯಿಂದ ಚುಕ್ಕಿ ಕೂಗಿತು. ಹಸಿವಿನ ಕೂಗು. ಅಂದರೆ ಹುಲ್ಲಿಗೆ ಬಾಯಿ ಹಾಕುವಷ್ಟಾಗಿದೆ. ಹಾಲಕ್ಕನ ಕತ್ತು ತಾನಾಗಿಯೇ ಆ ಕಡೆ ಹೊರಳಲು ಹವಣಿಸಿತು. ಅವಳು ಅದನ್ನು ಹಿಡಿದು ನಿಲ್ಲಿಸಿಕೊಂಡಳು, ಕಣ್ಣು ಕ್ಯಾಮೆರಾದ ಮೇಲೆ ಇಟ್ಟು.

"ಬೇಗ ತೆಗಿಯಪ್ಪ," ಎಂದಳು, "ಅದಕ್ಕೆ ಹುಲ್ಲು ಹಾಕಬೇಕು."