ಹತ್ತೊಂಬತ್ತು ಪೆಟ್ಟಿಗೆಯ ಅಜ್ಜಿ

ಬೆಳಿಗ್ಗೆ ಒಂಬತ್ತಕ್ಕೆ ಬಂದ ಆ ಫೋನಿಗೆ ಬೇರೆ ಯಾರಾದರೂ ಆಗಿದ್ದರೆ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಯೊನ್‌ಹ್ವಾಗೆ ಮಾತ್ರ ಕುಣಿಯುವಷ್ಟು ಖುಷಿಯಾಯಿತು.

"ಮಾರ್ಕೆಟ್ಟಲ್ಲಿ ಕೆನ್ನಿಪ್ ಎಲೆ ಪರೀಕ್ಷೆ ಮಾಡಿದ್ರೆ ಔಷಧಿ ಅಂಶ ಸಿಕ್ಕಿದೆ," ಎಂದ ಪ್ಯೊ. "ನಿಮ್ಮ ಕಣಿವೆ ಕಡೇದೇ. ಯಾರ ತೋಟದ್ದು ಅಂತ ದೇವರಿಗೇ ಗೊತ್ತು, ಪೆಟ್ಟಿಗೆ ಮೇಲೆ ಒಂದು ಗುರುತಿಲ್ಲ. ಅದಕ್ಕೇ ಆ ಕಡೆ ಎಲೆ ಅಷ್ಟೂ ಅಂಗಡಿಯಿಂದ ತೆಗೆಸ್ತಾ ಇದೀವಿ."

ಪ್ಯೊ ಎಂದರೆ ತೇಜಾನ್ ನಗರದ ಸೂಪರ್‌ಮಾರ್ಕೆಟ್ ಕಂಪನಿಗೆ ಸೊಪ್ಪು ತರಕಾರಿ ಕೊಳ್ಳುವ ಮ್ಯಾನೇಜರು. ಯೊನ್‌ಹ್ವಾ, ಸೊಲ್ಗೊಲ್ ಹಳ್ಳಿಯ ಮೂವತ್ತೊಂದು ಮನೆಯವರು ಸೇರಿ ನಡೆಸುವ ಎಲೆ ಸಂಘದ ಅಧ್ಯಕ್ಷೆ. ನಿನ್ನೆ ಇಲ್ಲಿಂದ ಹೋದ ನಾನೂರ ಹನ್ನೆರಡು ಪೆಟ್ಟಿಗೆ ಅವನ ಕೈಯಲ್ಲಿತ್ತು. ಸುಟ್ಟ ಹಂದಿಮಾಂಸ ಸುತ್ತಿ ಬಾಯಿಗಿಡುವ ಎಲೆ ಅದು, ಎರಡು ದಿನಕ್ಕೆ ಬಾಡುತ್ತದೆ. ವಾಪಸು ಬಂದರೆ ತಿಪ್ಪೆಗೇ. ಅದಕ್ಕಿಂತ ದೊಡ್ಡ ಸಂಗತಿ, ವರ್ಷಪೂರ್ತಿ ಸೊಲ್ಗೊಲ್ ಎಲೆ ಕೊಳ್ಳುವ ಒಪ್ಪಂದಕ್ಕೆ ಪ್ಯೊ ಇವತ್ತೇ ಸಹಿ ಹಾಕುವವನಿದ್ದ.

"ನಮ್ದು ತೆಗೀಬೇಡಿ! ಒಂದೊಂದು ಪೆಟ್ಟಿಗೆದೂ ಜಾತಕ ಕಳಿಸ್ತೀನಿ."

"ಹತ್ತು ಗಂಟೆವರೆಗೂ ಕಾಯ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಮೂರು ವರ್ಷ ಇದೇ ಜಾತಕಕ್ಕಾಗಿ ಯೊನ್‌ಹ್ವಾ ಊರಿನವರ ಬಾಯಿಗೆ ಬಿದ್ದಿದ್ದಳು. ಪ್ರತಿ ಪೆಟ್ಟಿಗೆಗೂ ಒಂದು ಚೀಟಿ, ಅದರ ಮೇಲೆ ಕ್ಯೂಆರ್ ಕೋಡು. ಫೋನು ಹಿಡಿದರೆ ಯಾರ ಪಾಲಿಹೌಸು, ಯಾವತ್ತು ಕಿತ್ತದ್ದು, ಔಷಧಿ ಹೊಡೆದು ಎಷ್ಟು ದಿನ ಆಯಿತು ಎಲ್ಲವೂ ಹೊರಬರಬೇಕು. "ಎಲೆಗೆ ನಾಮಕರಣ ಯಾವಾಗಮ್ಮ, ಪಾಯಸ ಇದೆಯಾ?" ಎಂದು ಆಡಿಕೊಂಡವರೇ ಹೆಚ್ಚು. ಈಗ ಬನ್ನಿ, ನೋಡಿ ಅಂತ ಅವಳಿಗೆ ಬೀದಿಯಲ್ಲಿ ಕೂಗಬೇಕೆನ್ನಿಸಿತು. ಹತ್ತೇ ನಿಮಿಷದಲ್ಲಿ ನಾನೂರ ಹನ್ನೆರಡರ ಪಟ್ಟಿಯೂ ಪ್ಯೊಗೆ ತಲುಪಿತು.

ಫೋನು ಮತ್ತೆ ಬಡಿದುಕೊಂಡಿತು.

"ಅಧ್ಯಕ್ಷರೇ, ಈ ಮಲ್ರ್ಯೆ ಅನ್ನೋರಿಗೆ ವಯಸ್ಸೆಷ್ಟು?"

"ಎಪ್ಪತ್ತಾರು. ಯಾಕೆ?"

"ಒಬ್ಬರೇ ನಿನ್ನೆ ಹತ್ತೊಂಬತ್ತು ಪೆಟ್ಟಿಗೆ ಕಿತ್ತಿದ್ದಾರೆ! ಗಟ್ಟಿ ಆಳೇ ದಿನಕ್ಕೆ ಹದಿನೈದು ಕಿತ್ತರೆ ಹೆಚ್ಚು. ಒಂದು ಸುಳ್ಳಿದ್ರೆ ಮಿಕ್ಕಿದ್ದನ್ನ ನಾನು ಹೇಗ್ರೀ ನಂಬ್ಲಿ?"

ಯೊನ್‌ಹ್ವಾಳ ಖುಷಿ ಅಲ್ಲೇ ಇಳಿದುಹೋಯಿತು. ಅವಳು ಎಲೆ ಕಟ್ಟುವ ಶೆಡ್ಡಿನ ಮೂಲೆಗೆ ಓಡಿದಳು. ಅಲ್ಲಿ ಮಲ್ರ್ಯೆ ಅಜ್ಜಿ ತೋಟದ ಕೆಲಸಕ್ಕೆಂದು ಸೊಂಟಕ್ಕೆ ಕಟ್ಟಿಕೊಳ್ಳುವ ಗುಂಡು ಕೂರುಮಣೆಯ ಮೇಲೆ ಕೂತು, ನೋಯುವ ಮಂಡಿ ಚಾಚಿ, ಹತ್ತು ಹತ್ತು ಎಲೆ ಜೋಡಿಸಿ ಕಟ್ಟು ಕಟ್ಟುತ್ತಿದ್ದಳು.

"ಅಜ್ಜಿ, ನಿನ್ನೆ ಎಷ್ಟು ಪೆಟ್ಟಿಗೆ ಕಿತ್ತೆ?"

"ಆರು. ಮಂಡಿ ಹಿಡ್ಕೊಂಡಿದೆ ಕಣೇ. ಈಗ್ಲೇ ಸಂಘದಿಂದ ಹೊರಗೆ ಹಾಕ್ತೀಯಾ?"

ದಿನಕ್ಕೆ ಹತ್ತಕ್ಕಿಂತ ಕಡಿಮೆ ತಂದವರಿಗೆ ಸಂಘದ ಚೀಟಿಯಿಲ್ಲ ಎಂಬ ನಿಯಮವಿತ್ತು. ಮಾಡಿದವಳು ಯೊನ್‌ಹ್ವಾಳೇ. ಅವಳು ತಿರುಗಿ ನೋಡಿದಳು. ಕಟ್ಟು ಕಟ್ಟುತ್ತಿದ್ದ ಹೆಂಗಸರೆಲ್ಲ ಒಮ್ಮೆಗೇ ತಲೆ ತಗ್ಗಿಸಿದ್ದರು.

"ನಾನು ಒಂದೇ ಒಂದು ಪೆಟ್ಟಿಗೆಗೆ ಅಜ್ಜಿ ಚೀಟಿ ಅಂಟಿಸ್ದೆ," ಎಂದಳು ಪಕ್ಕದ ಮನೆಯ ಜುನ್‌ಹೊ ಅಮ್ಮ.

"ಅಯ್ಯೋ, ನೀನೂನಾ? ನಾನೂ ಒಂದು!"

"ನಾನೂ."

ಒಬ್ಬರಿಗೊಬ್ಬರು ಹೇಳದೆ, ತಾನೊಬ್ಬಳೇ ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಎಂದುಕೊಂಡು, ಮೊಳೆಗೆ ತೂಗುಹಾಕಿದ್ದ ಅಜ್ಜಿಯ ಚೀಟಿ ಸುರುಳಿಯಿಂದ ಒಂದೊಂದೇ ಹರಿದಿದ್ದರು. ಹತ್ತು ತುಂಬಲು ನಾಲ್ಕು ಸಾಕಿತ್ತು, ಹದಿಮೂರಾಗಿತ್ತು. ಯೊನ್‌ಹ್ವಾಗೆ ಸಿಟ್ಟೂ ಬಂತು, ಅಳುವೂ ಬಂತು. ಗಡಿಯಾರ ನೋಡಿದರೆ ಒಂಬತ್ತೂವರೆ.

"ಅಜ್ಜಿ ಪೆಟ್ಟಿಗೆ ಎಲ್ಲಾ ನಿಮ್ಮ ಗೋದಾಮಲ್ಲೇ ಇದೆ ಅಂತ ಕೋಡು ಹೇಳ್ತಿದೆ," ಎಂದು ಪ್ಯೊಗೆ ಕೂಗಿದಳು. "ನೀವೂ ಅಲ್ಲೇ ಇದೀರಲ್ಲ, ವಿಡಿಯೋ ಹಾಕಿ, ಒಂದೊಂದೇ ಬಿಚ್ಚಿ ತೋರ್ಸಿ!"

"ಎಲೆ ನೋಡಿ ಯಾರದ್ದು ಅಂತ ಹೇಳ್ತೀರಾ?"

"ಎಲೆ ನೋಡಲ್ಲ, ಕಟ್ಟು ನೋಡ್ತೀವಿ!"

ಫೋನಿನ ಸುತ್ತ ತಲೆಗಳು ಮುತ್ತಿಕೊಂಡವು. ಮೊದಲ ಪೆಟ್ಟಿಗೆ ತೆರೆಯುತ್ತಲೇ ಅಜ್ಜಿ "ನಂದು" ಎಂದಳು. ಎರಡನೆಯದಕ್ಕೆ ಜುನ್‌ಹೊ ಅಮ್ಮ ಚೀರಿದಳು, "ದಾರ ಎಡಕ್ಕೆ ಸುತ್ತಿದೆ, ನಂದೇ! ನಾಲ್ಕನೇ ಪಾಲಿಹೌಸು, ಔಷಧಿ ಹೊಡೆದು ಹತ್ತೊಂಬತ್ತು ದಿನ ಆಯ್ತು!" ಯೊನ್‌ಹ್ವಾ ಅವಳ ಲೆಕ್ಕವನ್ನು ಫೋನಿನ ದಾಖಲೆಗೆ ಹೋಲಿಸಿ ಪ್ಯೊಗೆ ಕಳಿಸಿದಳು.

"ಇದು ನಿಂದು ಕಣೇ, ತೊಟ್ಟು ನೋಡು, ಜಿಪುಣಿ ಹಾಗೆ ಗಿಡ್ಡ ಕತ್ತರ್ಸಿದೀಯಾ."

"ನಿಂದು ನೋಡ್ಕೋ! ಸಡಿಲವಾಗಿ ಕಟ್ಟಿ ಅಜ್ಜಿ ಮಾನ ಕಳೆದಿದೀಯಾ."

"ಇಷ್ಟು ಕೆಟ್ಟ ಕಟ್ಟಿಗೆ ನನ್ನ ಹೆಸರಾ?" ಎಂದು ಅಜ್ಜಿ ಹಣೆ ಚಚ್ಚಿಕೊಂಡಳು. ಆ ಕಡೆ ಪ್ಯೊ ನಗುವುದು ಕೇಳಿಸಿತು. ಎಂಟು, ಒಂಬತ್ತು, ಹತ್ತು, ಒಂದಾದ ಮೇಲೊಂದು ಪೆಟ್ಟಿಗೆ ತನ್ನ ಮನೆ ಹುಡುಕಿಕೊಳ್ಳುತ್ತಿದ್ದರೆ ಯೊನ್‌ಹ್ವಾ ಗಡಿಯಾರ ನೋಡುತ್ತಲೇ ಇದ್ದಳು. ಹತ್ತಕ್ಕೆ ಐದು ನಿಮಿಷವಿದೆ ಎನ್ನುವಾಗ ಉಳಿದದ್ದು ಒಂದೇ ಪೆಟ್ಟಿಗೆ.

ಅದು ತೆರೆದುಕೊಂಡಿತು. ತೊಟ್ಟುಗಳು ಸರಿಸಮ, ದಾರ ಎರಡು ಸುತ್ತು, ಮೇಲೊಂದು ಬಿಗಿ ಗಂಟು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಹಾಗೆ ಕಟ್ಟುವ ಗಂಡಸು ಊರಿಗೆಲ್ಲ ಒಬ್ಬನೇ. ಬಾಗಿಲಲ್ಲಿ ನಿಂತಿದ್ದ ಯೊನ್‌ಹ್ವಾಳ ಗಂಡ ದೊಕ್ಕು ಕುತ್ತಿಗೆ ಕೆರೆದುಕೊಂಡ.

"ಒಂದು ಪೆಟ್ಟಿಗೆ ತಾನೇ ಅಂತ ಕೊಟ್ಟೆ ಮಾರಾಯ್ತಿ."

"ಯಾವ ಪಾಲಿಹೌಸಿಂದ ರೀ?" ಫೋನಿಗೆ ಕೈ ಅಡ್ಡ ಹಿಡಿದು ಯೊನ್‌ಹ್ವಾ ಮೆಲ್ಲಗೆ ಕೇಳಿದಳು.

"ಮೂರರಿಂದ. ಎಲೆ ಚೆನ್ನಾಗಿತ್ತು."

ಮೂರಕ್ಕೆ ಯೊನ್‌ಹ್ವಾ ಐದು ದಿನದ ಹಿಂದಷ್ಟೇ ಔಷಧಿ ಹೊಡೆದಿದ್ದಳು. ಹತ್ತು ದಿನ ಕೀಳುವಂತಿರಲಿಲ್ಲ. ಫೋನಿನಲ್ಲಿ ಬರೆದಿದ್ದಳು, ಬಾಗಿಲಿಗೆ ಕೀಳಬೇಡಿ ಎಂಬ ಹಲಗೆ ತೂಗುಹಾಕುವುದನ್ನು ಮರೆತಿದ್ದಳು. ಊರಿಗೆಲ್ಲ ಪಾಠ ಹೇಳಿದವಳ ಮನೆಯದೇ ತಪ್ಪು.

"ಒಂದನೇ ಪಾಲಿಹೌಸು ಅಂದ್ಬಿಡು," ಎಂದು ಜುನ್‌ಹೊ ಅಮ್ಮ ಕಿವಿಯಲ್ಲಿ ಪಿಸುಗುಟ್ಟಿದಳು. "ಅವನಿಗೇನು ಗೊತ್ತಾಗುತ್ತೆ?"

ನಿಜವೇ, ಗೊತ್ತಾಗುತ್ತಿರಲಿಲ್ಲ. ಅಂದುಬಿಟ್ಟರೆ ಎಲ್ಲ ಎಲೆಯೂ ಅಂಗಡಿಯಲ್ಲಿ ಉಳಿಯುತ್ತಿತ್ತು, ಒಪ್ಪಂದವೂ ಉಳಿಯುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಯೊನ್‌ಹ್ವಾ ನುಂಗಿಕೊಂಡಳು. ಸುಳ್ಳು ಹೇಳುವುದಾದರೆ ಮೂರು ವರ್ಷ ಚೀಟಿ ಅಂಟಿಸಿದ್ದು ಯಾತಕ್ಕೆ?

"ಆ ಪೆಟ್ಟಿಗೆ ಎಸೀರಿ, ಪ್ಯೊ ಅವರೇ. ಅದು ನಂದು. ಔಷಧಿ ಹೊಡೆದು ಐದೇ ದಿನ ಆಗಿದೆ. ತಪ್ಪು ನಂದೇ."

ಆ ಕಡೆ ಪ್ಯೊ ಆ ಪೆಟ್ಟಿಗೆಯನ್ನು ಎತ್ತಿ ಬೇರೆ ಇಟ್ಟ.

"ಅಧ್ಯಕ್ಷರೇ, ಕಟ್ಟು ನೋಡಿ ಹೇಳಿದ್ದನ್ನ ನಂಬೋದೋ ಬೇಡವೋ ಅಂತಲೇ ಇಷ್ಟೊತ್ತು ಒದ್ದಾಡ್ತಿದ್ದೆ," ಎಂದ ಪ್ಯೊ. "ಈಗ ನಂಬ್ತೀನಿ. ಒಂದು ತೆಗೀತೀನಿ, ನಾನೂರ ಹನ್ನೊಂದು ಉಳಿಯುತ್ತೆ. ಒಪ್ಪಂದ ಮಧ್ಯಾಹ್ನ ಕಳಿಸ್ತೀನಿ. ಮತ್ತೆ ಕೇಳಿ, ಬೇರೆಯವರ ಎಲೆ ತೆಗೆದು ಅಂಗಡಿ ಪೂರ್ತಿ ಖಾಲಿ ಹೊಡೀತಿದೆ. ಸಂಜೆ ಒಳಗೆ ಇನ್ನೂ ಇನ್ನೂರು ಪೆಟ್ಟಿಗೆ ಆಗುತ್ತಾ?"

ಹೆಂಗಸರ ಕಿರುಚಾಟಕ್ಕೆ ತಗಡಿನ ಚಾವಣಿ ನಡುಗಿತು. ಜುನ್‌ಹೊ ಅಮ್ಮ ದೊಕ್ಕುವಿನ ಬೆನ್ನಿಗೆ ಎರಡು ಗುದ್ದಿದಳು, ಖುಷಿಗೋ ಸಿಟ್ಟಿಗೋ ಅವಳಿಗೇ ಗೊತ್ತಿಲ್ಲ. ಬುಟ್ಟಿ ಹಿಡಿದು ಎಲ್ಲರೂ ತೋಟಕ್ಕೆ ಓಡಿದರು. ದೊಕ್ಕು ಹಲಗೆ ಹುಡುಕಿಕೊಂಡು ಮೂರನೇ ಪಾಲಿಹೌಸಿನ ಕಡೆ ಹೋದ.

ಅಜ್ಜಿ ಮಾತ್ರ ಕೂತಲ್ಲೇ ಕೂತಿದ್ದಳು.

"ನನ್ನ ಹೆಸರಿನ ಮುಂದೆ ಇನ್ನೂ ಹತ್ತೊಂಬತ್ತು ಅಂತಲೇ ಇದೆಯಾ?"

"ಇದೆ ಅಜ್ಜಿ."

"ಆರು ಅಂತ ತಿದ್ದು. ಚೀಟಿ ಹೋದ್ರೆ ಹೋಗ್ಲಿ."

ಯೊನ್‌ಹ್ವಾ ಗೋಡೆಯ ಮೇಲಿದ್ದ ನಿಯಮದ ಹಾಳೆ ಕಿತ್ತು ತಂದು, ಹತ್ತು ಪೆಟ್ಟಿಗೆಯ ಸಾಲಿಗೆ ಅಡ್ಡ ಗೀಟೆಳೆದಳು. ಆಮೇಲೆ ಫೋನಿನಲ್ಲಿ ಆರು ಎಂದು ತಿದ್ದಿ ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ತನ್ನ ಹೆಸರನ್ನೂ ಅಂಕಿಯನ್ನೂ ನಿಧಾನವಾಗಿ ಓದಿದಳು.

"ಹಾಂ," ಎಂದಳು. "ಇದು ನಾನು."